ತಾತ್ಸಾರ ಶಬ್ದದ ಅರ್ಥವಿಚಾರವೂ ಆಚಾರವಿಚಾರವೂ

ಕನ್ನಡಿಗರ ಮನೆಗಳಲ್ಲಿ ದಿನವೂ ಕಿವಿಗೆ ಬೀಳುವ ಮಾತುಗಳಲ್ಲಿ ‘ತಾತ್ಸಾರ’ ಎಂಬುದೂ ಒಂದು. “ಬರಿಯ ಕೆಮ್ಮೆಂದು ತಾತ್ಸಾರ ಮಾಡಬೇಡ, ವೈದ್ಯರಿಗೆ ತೋರಿಸು” ಎಂದು ತಾಯಿಯು ಮಗನಿಗೆ ಹೇಳುತ್ತಾಳೆ. “ಮದುವೆಯ ಮನೆಯಲ್ಲಿ ನಮ್ಮನ್ನು ಬಹಳ ತಾತ್ಸಾರವಾಗಿ ಕಂಡರು” ಎಂದು ಸೊಸೆಯು ನೊಂದು ನುಡಿಯುತ್ತಾಳೆ. ಪದವು ಒಂದೇ. ಮೊದಲನೆಯ ವಾಕ್ಯದಲ್ಲಿ ಅದಕ್ಕೆ ಅಲಕ್ಷ್ಯವೆಂದು ಅರ್ಥ. ಎರಡನೆಯದರಲ್ಲಿ ಹೀನವಾಗಿ ಎಣಿಸುವಿಕೆಯೆಂದು ಅರ್ಥ. ವಸ್ತುವಿನ ವಿಷಯದಲ್ಲಿ ಆಡಿದಾಗ ಅಜಾಗರೂಕತೆಯಾಗುವ ಮಾತು ಮನುಷ್ಯನ ವಿಷಯದಲ್ಲಿ ಆಡಿದಾಗ ಅವಮಾನವಾಗುತ್ತದೆ. ಇದು ಆಕಸ್ಮಿಕವಲ್ಲ. ಮನುಷ್ಯನನ್ನು ವಸ್ತುವಿನಂತೆ, ಇದ್ದರೂ ಇಲ್ಲದಂತೆ ಕಾಣುವುದೇ ತಾತ್ಸಾರದ ಮೂಲಸ್ವರೂಪವೆಂಬುದನ್ನು ಜನರ ನಾಲಗೆಯು ತಾನಾಗಿಯೇ ಗುರುತಿಸಿದೆ.

ಶಬ್ದದ ಅರ್ಥವನ್ನು ತಿಳಿಯುವುದು ಪಂಡಿತರ ಕಾರ್ಯ, ಆಚರಣೆಯು ಭಕ್ತರ ಕಾರ್ಯ ಎಂದು ಬೇರ್ಪಡಿಸುವುದು ಶರಣಪಥಕ್ಕೆ ಒಪ್ಪುವ ಮಾತಲ್ಲ. ನುಡಿಯೂ ನಡೆಯೂ ಒಂದಾಗಬೇಕೆಂಬುದೇ ಶಿವಶರಣರ ಮತ. ಆದುದರಿಂದ ಈ ಪದವನ್ನೂ ಇದರ ಬಳಗದ ಪದಗಳನ್ನೂ ಮೊದಲು ಅರ್ಥದಿಂದ ಪರೀಕ್ಷಿಸಿ, ಅನಂತರ ಗೃಹಸ್ಥರ ನಿತ್ಯಜೀವನದಲ್ಲಿ ಅವು ಯಾವ ಯಾವ ರೂಪದಿಂದ ಅಡಗಿವೆಯೆಂಬುದನ್ನು ವಿಚಾರಿಸುವುದು ಉಚಿತವಾಗಿದೆ.

ಶಬ್ದಾರ್ಥ ವಿಚಾರ

ತಾತ್ಸಾರಕ್ಕೆ ಗ್ರಂಥಭಾಷೆಯಲ್ಲಿ ಸಮಾನವಾದ ಪದವು ‘ತಿರಸ್ಕಾರ’. ಇದು ‘ತಿರಸ್’ ಎಂಬ ಅವ್ಯಯವೂ ‘ಕೃ’ ಧಾತುವೂ ಸೇರಿ ಆದ ಶಬ್ದ. ತಿರಸ್ ಎಂದರೆ ಅಡ್ಡಲಾಗಿ, ಓರೆಯಾಗಿ, ಮರೆಯಾಗಿ ಎಂದು ಅರ್ಥ. ಈ ಅವ್ಯಯಕ್ಕೆ ಮರೆಯಾಗುವಿಕೆಯ ಅರ್ಥವಿರುವುದನ್ನು ಪಾಣಿನಿ ಮಹರ್ಷಿಯು ತನ್ನ ವ್ಯಾಕರಣದಲ್ಲಿ ವಿಶೇಷವಾಗಿ ಗಣಿಸಿದ್ದಾನೆ. ನಾಟಕಶಾಲೆಯ ತೆರೆಗೆ ಸಂಸ್ಕೃತದಲ್ಲಿ ‘ತಿರಸ್ಕರಿಣೀ’ ಎಂದು ಹೆಸರು. ಮರೆಮಾಡುವುದರಿಂದ ಅದಕ್ಕೆ ಆ ಹೆಸರು ಬಂದಿತು. ಓರೆಯಾಗಿ ಚಲಿಸುವ ಪಶುಪಕ್ಷಿಗಳನ್ನು ಹೇಳುವ ‘ತಿರ್ಯಕ್’ ಶಬ್ದವೂ ಇದೇ ಮೂಲದಿಂದ ಹೊರಟುದು. ಹೀಗಿರಲಾಗಿ ತಿರಸ್ಕಾರವೆಂಬುದರ ಮೊದಲ ಅರ್ಥವು ಬೈಗುಳವಲ್ಲ, ಮರೆಮಾಡುವಿಕೆ. ಎದುರಿಗಿರುವವನ ಮೇಲೆ ಒಂದು ತೆರೆಯನ್ನೆಳೆದು ಅವನು ಕಾಣದಂತೆ ಮಾಡಿಕೊಳ್ಳುವುದೇ ತಿರಸ್ಕಾರ.

ಇದರ ನೆರೆಹೊರೆಯ ಪದಗಳನ್ನು ನೋಡಿದರೆ ಈ ಮಾತು ಇನ್ನೂ ದೃಢವಾಗುತ್ತದೆ. ‘ಅಲಕ್ಷ್ಯ’ವೆಂದರೆ ಲಕ್ಷಿಸದೆ ಇರುವುದು, ಗುರಿಯಿಟ್ಟು ನೋಡದಿರುವುದು. ‘ಉಪೇಕ್ಷೆ’ಯಲ್ಲಿ ನೋಡುವ ಅರ್ಥದ ‘ಈಕ್ಷ್’ ಧಾತುವಿದೆ. ಕಂಡೂ ಕಾಣದಂತೆ ಇರುವುದು ಅದರ ತಾತ್ಪರ್ಯ. ಅಚ್ಚಗನ್ನಡದ ‘ಕಡೆಗಣಿಸು’ ಎಂಬ ಮಾತಿನಲ್ಲಿ ಕಡೆಗಣ್ಣಿದೆ. ನೇರವಾಗಿ ನೋಡಬೇಕಾದವನನ್ನು ಕಣ್ಣಿನ ಕೊನೆಯಿಂದ ನೋಡುವುದು ಕಡೆಗಣಿಸುವುದು. ‘ಉದಾಸೀನ’ನೆಂದರೆ ದೂರ ಕುಳಿತವನು. ‘ಅವಜ್ಞೆ’ಯೆಂದರೆ ಕೀಳಾಗಿ ತಿಳಿಯುವುದು. ‘ಅಸಡ್ಡೆ’ಯು ಅಶ್ರದ್ಧೆಯ ತದ್ಭವ. ‘ತೃಣೀಕರಿಸು’ ಎಂದರೆ ಹುಲ್ಲಿಗೆ ಸಮನೆಂದು ಎಣಿಸುವುದು. ಇವುಗಳಲ್ಲಿ ಯಾವುದೂ ನಾಲಗೆಯಿಂದ ಆರಂಭವಾಗುವುದಿಲ್ಲ. ಕೆಲವು ಕಣ್ಣಿನಿಂದ, ಕೆಲವು ಮನಸ್ಸಿನಿಂದ ಆರಂಭವಾಗುತ್ತವೆ. ಹಳಿಯುವುದು, ಜರೆಯುವುದು, ಹೀಯಾಳಿಸುವುದು, ಅವಹೇಳನ ಮಾಡುವುದು ಎಂಬ ನಾಲಗೆಯ ಕೆಲಸಗಳು ಆಮೇಲೆ ಬರತಕ್ಕವು. ಕಣ್ಣು ಮೊದಲು ತಪ್ಪುತ್ತದೆ, ನಾಲಗೆ ಅನಂತರ ತಪ್ಪುತ್ತದೆ, ಕೈ ಕೊನೆಗೆ ತಪ್ಪುತ್ತದೆ. ಬೈಯದಿದ್ದ ಮಾತ್ರಕ್ಕೆ ತಾನು ಯಾರನ್ನೂ ತಿರಸ್ಕರಿಸಲಿಲ್ಲವೆಂದು ತಿಳಿಯುವ ಗೃಹಸ್ಥನು ಈ ಕ್ರಮವನ್ನು ಚೆನ್ನಾಗಿ ಮನನ ಮಾಡತಕ್ಕದ್ದು.

ಇಲ್ಲಿ ಒಂದು ಭೇದವನ್ನೂ ಅರಿಯಬೇಕು. “ಅರ್ಜಿಯು ತಿರಸ್ಕೃತವಾಯಿತು”, “ನಾಮಪತ್ರವು ತಿರಸ್ಕೃತವಾಯಿತು” ಎಂದು ಕಚೇರಿಯ ಕಾಗದಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಕಾಣುತ್ತದೆ. ಅಲ್ಲಿ ಒಪ್ಪದಿರುವಿಕೆಯೆಂಬುದೊಂದೇ ಅರ್ಥ; ಹೀನಭಾವನೆಯಿಲ್ಲ. ಬೇಡವಾದುದನ್ನು ಬೇಡವೆನ್ನುವುದು ದೋಷವಲ್ಲ. ಕೇಳಿದವನಿಗೆ ಸಾಲವನ್ನು ಕೊಡಲಾಗದೆಂದು ಹೇಳಬಹುದು. ಹೇಳುವಾಗ ಅವನ ಮುಖವನ್ನು ನೋಡಿ, ಕುಳ್ಳಿರಿಸಿ ಹೇಳಿದರೆ ಅದು ನಿರಾಕರಣೆ. ಬಾಗಿಲಲ್ಲಿ ನಿಲ್ಲಿಸಿ, ಮುಖ ತಿರುಗಿಸಿ ಹೇಳಿದರೆ ಅದು ತಿರಸ್ಕಾರ. ಕೊಟ್ಟ ಉತ್ತರವು ಎರಡರಲ್ಲಿಯೂ ಒಂದೇ. ಕೇಳಿದವನು ಮನೆಗೆ ಹೊತ್ತುಕೊಂಡು ಹೋಗುವ ಭಾರವು ಮಾತ್ರ ಬೇರೆ.

ವಿಳಂಬವೆಂಬ ತಾತ್ಸಾರ

ಬೆಂಗಳೂರಿನ ದಕ್ಷಿಣಭಾಗದ ಬಡಾವಣೆಗಳಲ್ಲಿ ಕನ್ನಡದವರೂ ತೆಲುಗಿನವರೂ ಬಹುಕಾಲದಿಂದ ಒಂದೇ ಬೀದಿಯಲ್ಲಿ ಬಾಳುತ್ತಿದ್ದಾರೆ. ತೆಲುಗಿನಲ್ಲಿಯೂ ಇದೇ ‘ತಾತ್ಸಾರ’ ಶಬ್ದವುಂಟು. ಆದರೆ ಇಂದಿನ ತೆಲುಗಿನವರು ಅದನ್ನು ಹೆಚ್ಚಾಗಿ ವಿಳಂಬವೆಂಬ ಅರ್ಥದಲ್ಲಿ ಆಡುತ್ತಾರೆ. ತಾತ್ಸಾರ ಮಾಡದೆ ಬಾ ಎಂದರೆ ತಡಮಾಡದೆ ಬಾ ಎಂದು ಅವರ ಭಾವ. ಒಂದೇ ಶಬ್ದವು ಒಂದು ಭಾಷೆಯಲ್ಲಿ ಹೀನವಾಗಿ ಕಾಣುವುದೆಂದೂ ಮತ್ತೊಂದರಲ್ಲಿ ತಡಮಾಡುವುದೆಂದೂ ನಿಂತುದನ್ನು ವಿಚಾರಿಸಿದರೆ ಒಂದು ಲೋಕಸತ್ಯವು ಹೊಳೆಯುತ್ತದೆ. ಮನುಷ್ಯನು ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೋ ಅವರ ಕೆಲಸವನ್ನೇ ನಾಳೆಗೆ ಹಾಕುತ್ತಾನೆ.

ಮೇಲಧಿಕಾರಿಯ ಕರೆ ಬಂದರೆ ಊಟದ ನಡುವೆಯೂ ಏಳುವ ಮಗನು, ಒಳಕೋಣೆಯಲ್ಲಿರುವ ವೃದ್ಧ ತಂದೆಯು ಕನ್ನಡಕದ ಕಡ್ಡಿ ಮುರಿದಿದೆಯೆಂದು ಹೇಳಿದರೆ “ನೋಡೋಣ, ಭಾನುವಾರ ಆಗಲಿ” ಎನ್ನುತ್ತಾನೆ. ಭಾನುವಾರಗಳು ನಾಲ್ಕು ಕಳೆಯುತ್ತವೆ. ಮಗನು ಒಂದು ಕೆಟ್ಟ ಮಾತನ್ನೂ ಆಡಿಲ್ಲ. ಆದರೆ ತಂದೆಯು ಆ ಮನೆಯಲ್ಲಿ ತಾನು ಎಷ್ಟನೆಯವನೆಂಬುದನ್ನು ಚೆನ್ನಾಗಿ ತಿಳಿದುಕೊಂಡಿರುತ್ತಾನೆ. ಮನೆಗೆಲಸದಾಕೆಯ ಸಂಬಳವು ತಿಂಗಳ ಮೊದಲ ದಿನಕ್ಕೆ ಬದಲಾಗಿ ಹತ್ತನೆಯ ದಿನಕ್ಕೆ ಸಲ್ಲುತ್ತದೆ. ಹಣವಿಲ್ಲದೆ ತಡವಾದುದಲ್ಲ, ನೆನಪಾಗದೆ ತಡವಾದುದು. ಆಕೆಯ ಮನೆಯ ಬಾಡಿಗೆಗೆ ಮಾತ್ರ ಹತ್ತನೆಯ ದಿನದವರೆಗೆ ಕಾಯುವ ಪದ್ಧತಿಯಿಲ್ಲ. ಕಾಯಕವನ್ನೇ ಪೂಜೆಯೆಂದು ಎತ್ತಿಹಿಡಿದ ಪರಂಪರೆಯಲ್ಲಿ ಕಾಯಕದ ಫಲವನ್ನು ತಡೆಹಿಡಿಯುವುದು ಪೂಜೆಗೆ ಮಾಡಿದ ವಿಘ್ನವಲ್ಲದೆ ಮತ್ತೇನು?

ಅತಿಯಾದ ಪರಿಚಯವು ಅವಜ್ಞೆಗೆ ಕಾರಣವೆಂದು ಸಂಸ್ಕೃತದವರು ಹೇಳಿದರು. ಹಿತ್ತಲ ಗಿಡ ಮದ್ದಲ್ಲವೆಂದು ಕನ್ನಡಿಗರು ಹೇಳಿದರು. ಹೊರಗಿನವರಲ್ಲಿ ವಿನಯವಾಗಿರುವವನ ತಾತ್ಸಾರವು ಮನೆಯ ಹೊಸಲಿನ ಒಳಗೆಯೇ ಬೆಳೆಯುತ್ತದೆಂಬುದಕ್ಕೆ ಈ ಮಾತುಗಳು ಸಾಕ್ಷಿ.

ಸಂಬೋಧನೆಯ ವಿಚಾರ

ಕಣ್ಣಿನಿಂದ ಹೊರಟ ತಾತ್ಸಾರವು ನಾಲಗೆಗೆ ಬರುವ ಮೊದಲ ಸ್ಥಾನವು ಸಂಬೋಧನೆ. ಬಸವಣ್ಣನವರು ಒಂದು ವಚನದಲ್ಲಿ ಸ್ವರ್ಗನರಕಗಳು ಬೇರೆ ಲೋಕಗಳಲ್ಲವೆಂದು ಹೇಳುತ್ತ, ಅವುಗಳ ಎಲ್ಲೆಯನ್ನು ಎರಡು ಸಣ್ಣ ಸಂಬೋಧನೆಗಳ ನಡುವೆ ನಿಲ್ಲಿಸಿದ್ದಾರೆ. ಗೌರವದಿಂದ ‘ಅಯ್ಯಾ’ ಎನ್ನುವಲ್ಲಿ ಒಂದು, ತಿರಸ್ಕಾರದಿಂದ ‘ಎಲವೋ’ ಎನ್ನುವಲ್ಲಿ ಮತ್ತೊಂದು. ದಾನ, ಯಜ್ಞ, ತೀರ್ಥಯಾತ್ರೆಗಳಿಂದ ಅಳೆಯುತ್ತಿದ್ದ ಪುಣ್ಯಪಾಪಗಳನ್ನು ಬಾಗಿಲಿಗೆ ಬಂದವನನ್ನು ಕರೆಯುವ ರೀತಿಯಿಂದ ಅಳೆದುದು ಸಾಮಾನ್ಯವಾದ ಮಾತಲ್ಲ. ಬಡವನಿಗೂ ಇದು ಸಾಧ್ಯ. ಧನಿಕನಿಗೂ ಇದರಿಂದ ವಿನಾಯಿತಿಯಿಲ್ಲ.

‘ಎಲವೋ’ ಎಂಬ ಶಬ್ದವು ಇಂದು ನಾಟಕಗಳಲ್ಲಿ ಮಾತ್ರ ಕೇಳಿಬರುತ್ತದೆ. ಆದರೆ ಅದರ ಸಂತಾನವು ನಾಶವಾಗಿಲ್ಲ. ‘ಏ’, ‘ಲೋ’, ‘ಲೇ’ ಎಂಬ ರೂಪಗಳಲ್ಲಿ ಅದು ಬೀದಿಬೀದಿಗಳಲ್ಲಿ ಬದುಕಿದೆ. ಅರುವತ್ತು ವರ್ಷದ ಆಟೋ ಚಾಲಕನನ್ನು ಇಪ್ಪತ್ತು ವರ್ಷದ ಹುಡುಗನು ‘ನೀನು’ ಎನ್ನುತ್ತಾನೆ. ಅದೇ ಹುಡುಗನು ಬ್ಯಾಂಕಿನಲ್ಲಿ ತನ್ನ ಸಮವಯಸ್ಕನನ್ನು ‘ತಾವು’ ಎನ್ನುತ್ತಾನೆ. ವಯಸ್ಸಿಗೆ ಸಲ್ಲದ ಬಹುವಚನವು ಮೇಜಿಗೆ ಸಂದಿತು.

ಆದರೂ ಏಕವಚನವೆಲ್ಲ ತಿರಸ್ಕಾರವೆಂದು ತಿಳಿಯಬಾರದು. ತಾಯಿ ಮಗನನ್ನು ‘ಬಾರೋ’ ಎನ್ನುತ್ತಾಳೆ; ಭಕ್ತನು ಶಿವನನ್ನೇ ‘ನೀನು’ ಎನ್ನುತ್ತಾನೆ. ಅಲ್ಲಿ ಏಕವಚನವು ಸಲಿಗೆಯ ಗುರುತು. ಹಾಗೆಯೇ ಬಹುವಚನವೆಲ್ಲ ಗೌರವವೂ ಅಲ್ಲ. “ದೊಡ್ಡವರು ತಾವು, ನಿಮ್ಮ ಮುಂದೆ ನಮ್ಮದೇನು!” ಎಂದು ಕೊಂಕಿನಿಂದ ನುಡಿದಾಗ ಬಹುವಚನವೇ ಚೂರಿಯಾಗುತ್ತದೆ. ಶಬ್ದದ ರೂಪವನ್ನು ವ್ಯಾಕರಣವು ನಿರ್ಣಯಿಸಬಹುದು. ಅದರೊಳಗಿನ ಸತ್ವವನ್ನು ಭಾವವು ನಿರ್ಣಯಿಸುತ್ತದೆ.

ಕನ್ನಡದಲ್ಲಿ ಇನ್ನೊಂದು ವಿಶೇಷವುಂಟು. ಮನುಷ್ಯರಿಗೆ ಅವನು, ಅವಳು, ಅವರು ಎಂದೂ ಪಶುಪಕ್ಷಿ ಜಡವಸ್ತುಗಳಿಗೆ ಅದು, ಅವು ಎಂದೂ ಹೇಳುವುದು ಭಾಷೆಯ ಕ್ರಮ. ಮುದ್ದಿನಿಂದ ಮಗುವನ್ನು ‘ಅದು’ ಎನ್ನುವುದುಂಟು. ಆದರೆ ಬೆಳೆದ ಮನುಷ್ಯನ ವಿಷಯದಲ್ಲಿ “ಅದು ಇನ್ನೂ ಬಂದಿಲ್ಲವೇ? ಅದಕ್ಕೆ ಹೇಳಿದರೆ ತಿಳಿಯುವುದಿಲ್ಲ” ಎಂದಾಗ ಆ ಒಂದು ಸರ್ವನಾಮದಲ್ಲಿಯೇ ಅವನ ಮನುಷ್ಯತ್ವವನ್ನು ಕಿತ್ತುಕೊಂಡಂತಾಗುತ್ತದೆ. ಪ್ರಾಣಲಿಂಗವು ನೆಲಸಿರುವ ದೇಹವನ್ನು ನಪುಂಸಕಲಿಂಗದಲ್ಲಿ ಕರೆಯುವವನು ವ್ಯಾಕರಣದ ಲಿಂಗದಲ್ಲಿಯೂ ತಪ್ಪಿದನು, ಶಿವಾಚಾರದ ಲಿಂಗದಲ್ಲಿಯೂ ತಪ್ಪಿದನು.

ಶರಣರು ಮಾಡಿದ ತಿರುವು

ಲೋಕವು ಯಾವ ಹೆಸರುಗಳನ್ನು ಹೀನವೆಂದು ಆಡುತ್ತಿದ್ದಿತೋ ಆ ಹೆಸರುಗಳನ್ನೇ ಹನ್ನೆರಡನೆಯ ಶತಮಾನದ ಶರಣರು ಬಿರುದುಗಳನ್ನಾಗಿ ಮಾಡಿದರು. ಮಡಿವಾಳ ಮಾಚಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ ಎಂಬ ಹೆಸರುಗಳನ್ನು ಸಾವಧಾನವಾಗಿ ಉಚ್ಚರಿಸಿ ನೋಡಬೇಕು. ಮೊದಲಲ್ಲಿ ಕುಲವನ್ನೋ ಕಸುಬನ್ನೋ ಸೂಚಿಸುವ ಪದ. ಕೊನೆಯಲ್ಲಿ ‘ಅಯ್ಯ’ ಅಥವಾ ‘ಅಣ್ಣ’. ಮರೆಮಾಡಬೇಕೆಂದು ಲೋಕವು ಬಯಸಿದುದನ್ನು ಅವರು ಮುಂದಿಟ್ಟರು. ಅದರ ಬೆನ್ನಿಗೇ ಗೌರವವನ್ನು ಕೂಡಿಸಿದರು. ತಿರಸ್ಕಾರದ ತೆರೆಯನ್ನು ಸರಿಸುವ ಕ್ರಮವು ಇದಕ್ಕಿಂತ ಸರಳವಾಗಿ ತಿಳಿಯಲಾರದು.

ಬೆಂಗಳೂರಿನಲ್ಲಿ ಬಿ.ಟಿ.ಎಂ. ಬಡಾವಣೆಯೆಂಬ ಹೆಸರನ್ನು ಸಾವಿರಾರು ಮಂದಿ ದಿನವೂ ಹೇಳುತ್ತಾರೆ. ಅದರ ಮೂರು ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳು. ಮಡಿವಾಳ ಎಂಬುದು ಬಟ್ಟೆಯನ್ನು ಒಗೆದು ಮಡಿಮಾಡುವ ಕಾಯಕದವರ ಹೆಸರು. ವೀರಗಣಾಚಾರಿಯಾದ ಮಾಚಿದೇವರ ಹೆಸರಿನ ಮೊದಲರ್ಧ. ಆ ಅಕ್ಷರವನ್ನು ವಿಳಾಸದಲ್ಲಿ ಬರೆಯುವ ಭಕ್ತನು, ತನ್ನ ಬಟ್ಟೆಯನ್ನು ಇಸ್ತ್ರಿ ಮಾಡಿ ತಂದವನನ್ನು ಬಾಗಿಲಾಚೆಯೇ ನಿಲ್ಲಿಸಿ “ಅಲ್ಲಿಟ್ಟು ಹೋಗು” ಎಂದರೆ, ಬರೆದ ಅಕ್ಷರವೂ ನುಡಿದ ಮಾತೂ ಒಂದಕ್ಕೊಂದು ವಿರುದ್ಧವಾಗುತ್ತವೆ.

ಹರಳಯ್ಯನವರ ವೃತ್ತಾಂತವು ಎಲ್ಲರಿಗೂ ತಿಳಿದುದೇ. ಪಾದರಕ್ಷೆಗಳನ್ನು ಮಾಡುವ ಕಾಯಕದ ಹರಳಯ್ಯನವರು ಕಲ್ಯಾಣದ ಬೀದಿಯಲ್ಲಿ ಬಸವಣ್ಣನವರಿಗೆ ‘ಶರಣು’ ಎಂದರು. ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಹೆಚ್ಚಿಸಿ ಮರುನುಡಿದರು. ಆ ಹೆಚ್ಚಿನ ಒಂದು ಮಾತಿನ ಋಣವನ್ನು ತೀರಿಸಲೆಂದು ಆ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದುಕೆಗಳನ್ನು ಮಾಡಿದರೆಂದು ಸಂಪ್ರದಾಯವು ಹೇಳುತ್ತದೆ. ಜನ್ಮವೆಲ್ಲ ಓರೆನೋಟವನ್ನು ಕಂಡವನಿಗೆ ಒಂದು ಗೌರವದ ನುಡಿಯು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಈ ಕಥೆಯಿಂದ ತಿಳಿಯಬಹುದು.

ಬಸವಣ್ಣನವರ ಮತ್ತೊಂದು ವಚನವು ಅತಿಥಿಯ ವಿಷಯವಾದದ್ದು. ಬಂದವರ ಕ್ಷೇಮವನ್ನು ವಿಚಾರಿಸುವುದು, ಕುಳಿತುಕೊಳ್ಳಹೇಳುವುದು, ಕೂಡಲೆ ಮಾತನಾಡಿಸುವುದು ಎಂಬ ಮೂರು ಸಣ್ಣ ಉಪಚಾರಗಳನ್ನು ಅಲ್ಲಿ ಎಣಿಸಿ, ಇವುಗಳಿಂದ ಸಿರಿವಂತನಿಗೆ ಯಾವ ನಷ್ಟವಾಗುತ್ತದೆಂದು ಅವರು ಪರಿಹಾಸದಿಂದ ಕೇಳಿದ್ದಾರೆ. ಕೊಡಲು ಏನೂ ಇಲ್ಲದಿದ್ದರೆ ಒಳ್ಳೆಯ ಗುಣವಾದರೂ ಇರಬೇಕು. ಅದೂ ಇಲ್ಲದವನನ್ನು ದೇವರು ಮೂಗು ಕೊಯ್ಯದೆ ಬಿಡುವನೆ ಎಂದು ಕಠಿಣವಾಗಿ ಮುಗಿಸಿದ್ದಾರೆ. ದಾನ ಕೊಡದವನಿಗೆ ವಿಧಿಸದ ಶಿಕ್ಷೆಯು ಮುಖವನ್ನು ಕೊಡದವನಿಗೆ ವಿಧಿಸಲ್ಪಟ್ಟಿರುವುದನ್ನು ಗಮನಿಸಬೇಕು.

ಶುದ್ಧಿಯ ಹೆಸರಿನಲ್ಲಿ ತಿರಸ್ಕಾರ

ಅಂತರಂಗ ಬಹಿರಂಗ ಶುದ್ಧಿಗಳನ್ನು ಬೋಧಿಸುವ ಬಸವಣ್ಣನವರ ಪ್ರಸಿದ್ಧವಾದ ವಚನದಲ್ಲಿ ಏಳು ನಿಷೇಧಗಳಿವೆ. ಕಳವು, ಕೊಲೆ, ಹುಸಿ, ಕೋಪ ಎಂಬ ನಾಲ್ಕನ್ನು ಎಲ್ಲರೂ ನೆನಪಿಡುತ್ತಾರೆ. ಉಳಿದ ಮೂರು, ಅನ್ಯರ ವಿಷಯದಲ್ಲಿ ಅಸಹ್ಯ, ತನ್ನ ಬಣ್ಣನೆ, ಎದುರಿನವರ ನಿಂದೆ, ಇವು ಬಾಯಲ್ಲಿ ಹೇಳಿ ಮನಸ್ಸಿನಲ್ಲಿ ಮರೆತುಹೋಗುತ್ತವೆ. ವಿಚಾರಿಸಿ ನೋಡಿದರೆ ಈ ಮೂರೂ ತಾತ್ಸಾರದ ಮೂರು ಮುಖಗಳು. ಅಸಹ್ಯವು ಅದರ ಮನಸ್ಸು, ಆತ್ಮಪ್ರಶಂಸೆಯು ಅದರ ಆಹಾರ, ನಿಂದೆಯು ಅದರ ನಾಲಗೆ. ‘ಅಸಹ್ಯ’ವೆಂದರೆ ಸಹಿಸಲಾಗದುದು. ಸಹಿಸಲಾರದ ದೌರ್ಬಲ್ಯವು ನೋಡುವವನಲ್ಲಿರುವುದೇ ಹೊರತು ನೋಡಲ್ಪಟ್ಟವನಲ್ಲಿ ಅಲ್ಲ.

ಆದರೆ ಲೋಕದಲ್ಲಿ ನಡೆಯುವುದೇನು? ಶುದ್ಧಿಯೆಂಬ ಮಾತನ್ನೇ ಅಸಹ್ಯಕ್ಕೆ ಆಧಾರವನ್ನಾಗಿ ಮಾಡಿಕೊಳ್ಳುವುದುಂಟು. ಅಡುಗೆಮನೆಯ ಪಾತ್ರೆಗಳನ್ನೆಲ್ಲ ತೊಳೆದು ಕೊಡುವಾಕೆಗೆ ಕಾಫಿಯನ್ನು ಕೊಡುವ ಲೋಟವು ಮಾತ್ರ ಬೇರೆ, ಅದರ ಸ್ಥಾನವು ಹಿತ್ತಲಿನ ಕಿಟಕಿ. ಆಕೆಯ ಕೈ ತಾಗಿದ ತಟ್ಟೆಯಲ್ಲಿ ಪ್ರಸಾದವನ್ನು ಸ್ವೀಕರಿಸಬಹುದು. ಆಕೆಯ ತುಟಿ ತಾಗಿದ ಲೋಟವು ಕಪಾಟಿಗೆ ಬರಬಾರದು! ಬಹುಮಹಡಿಯ ವಸತಿಗೃಹಗಳಲ್ಲಿ ಕಸ ಒಯ್ಯುವವರಿಗೂ ಮನೆಗೆಲಸದವರಿಗೂ ಬೇರೆ ಲಿಫ್ಟನ್ನು ಗೊತ್ತುಮಾಡುವುದುಂಟು. ಸಾಮಾನುಗಳಿಗೆ ಬೇರೆ ಲಿಫ್ಟು ಇರುವುದು ಅನುಕೂಲ. ಮನುಷ್ಯರನ್ನು ಸಾಮಾನುಗಳ ಪಂಕ್ತಿಗೆ ಸೇರಿಸುವುದು ಅನುಕೂಲವಲ್ಲ, ಆರಂಭದಲ್ಲಿ ಹೇಳಿದ ತಾತ್ಸಾರ. ವಸ್ತುವಿಗೂ ವ್ಯಕ್ತಿಗೂ ಭೇದವನ್ನು ಮರೆಯುವುದೇ ಅದರ ಲಕ್ಷಣ.

ಭಾರತದ ಸಂವಿಧಾನದ ೧೭ನೆಯ ವಿಧಿಯು ೧೯೫೦ರಲ್ಲಿಯೇ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ೧೯೫೫ರಲ್ಲಿ ಅದರ ಆಚರಣೆಯನ್ನು ದಂಡಿಸುವ ಶಾಸನವು ಬಂದಿತು. ಪರಿಶಿಷ್ಟ ಜಾತಿ ಪಂಗಡಗಳ ಜನರನ್ನು ಸಾರ್ವಜನಿಕವಾಗಿ ಬುದ್ಧಿಪೂರ್ವಕವಾಗಿ ಅವಮಾನಿಸುವುದನ್ನು ೧೯೮೯ರ ಶಾಸನವು ಅಪರಾಧವೆಂದಿತು. ಹೀಗೆ ನಾಲಗೆಯ ತಿರಸ್ಕಾರವನ್ನೂ ಕೈಯ ತಿರಸ್ಕಾರವನ್ನೂ ಶಾಸನವು ಹಿಡಿಯಬಲ್ಲುದು. ಕಿಟಕಿಯಲ್ಲಿಟ್ಟ ಲೋಟದ ಹಿಂದಿರುವ ಕಣ್ಣಿನ ತಿರಸ್ಕಾರವನ್ನು ಯಾವ ನ್ಯಾಯಾಲಯವೂ ಹಿಡಿಯಲಾರದು. ಅದನ್ನು ಹಿಡಿಯತಕ್ಕುದು ಇಷ್ಟಲಿಂಗದ ಮುಂದೆ ಕುಳಿತ ಭಕ್ತನ ಅರಿವು ಮಾತ್ರ.

ರಾಜಧಾನಿಯಲ್ಲಿ ನಡೆದ ಎರಡು ಪ್ರಸಂಗಗಳು

೨೦೨೪ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಬೆಂಗಳೂರಿನ ರಾಜಾಜಿನಗರದ ಮೆಟ್ರೊ ನಿಲ್ದಾಣದಲ್ಲಿ, ತಲೆಯ ಮೇಲೆ ಗಂಟನ್ನು ಹೊತ್ತು ಬಂದ ರೈತರೊಬ್ಬರನ್ನು ಅವರ ಬಟ್ಟೆಯು ಚೆನ್ನಾಗಿಲ್ಲವೆಂಬ ಕಾರಣದಿಂದ ಒಳಗೆ ಬಿಡದೆ ತಡೆಯಲಾಯಿತು. ಅವರಲ್ಲಿ ಟಿಕೆಟ್ ಇದ್ದಿತು. ಬೇರೆ ಪ್ರಯಾಣಿಕರು ಮುಂದೆ ಬಂದು, ಬಟ್ಟೆಗೆ ಸಂಬಂಧಿಸಿದ ಯಾವ ನಿಯಮವಿದೆಯೆಂದು ಪ್ರಶ್ನಿಸಿದರು. ಆ ದೃಶ್ಯವನ್ನು ನಾಡೆಲ್ಲ ಕಂಡಿತು. ಅನಂತರ ಆ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಲಾಯಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಮಾಗಡಿ ರಸ್ತೆಯ ದೊಡ್ಡ ವ್ಯಾಪಾರಸಂಕೀರ್ಣವೊಂದರಲ್ಲಿ, ಮಗನೊಡನೆ ಚಲನಚಿತ್ರವನ್ನು ನೋಡಲು ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು ಪಂಚೆಯುಟ್ಟಿರುವರೆಂದು ತಡೆಯಲಾಯಿತು. ವಿಷಯವು ವಿಧಾನಸಭೆಯವರೆಗೆ ಹೋಗಿ, ಆ ಸಂಕೀರ್ಣವನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರವು ಪ್ರಕಟಿಸಿತು.

ಪಂಚೆಯು ಈ ನಾಡಿನ ಉಡುಪು. ರೈತನು ಈ ನಾಡಿನ ಅನ್ನದಾತ. ತಾತ್ಸಾರದ ತೆರೆಯು ಎಷ್ಟು ದಪ್ಪವಾದುದೆಂದರೆ, ತಡೆದವರಿಗೆ ಪಂಚೆ ಕಂಡಿತು, ಗಂಟು ಕಂಡಿತು, ಮನುಷ್ಯನು ಮಾತ್ರ ಕಾಣಲಿಲ್ಲ. ಆದರೆ ಈ ಪ್ರಸಂಗಗಳನ್ನು ಓದಿ ಬಾಗಿಲುಕಾಯುವವನನ್ನು ಹಳಿದು ತೃಪ್ತಿಪಟ್ಟರೆ ಪಾಠವು ವ್ಯರ್ಥವಾಗುತ್ತದೆ. ಆ ಬಾಗಿಲಿನವನೂ ಕಡಮೆ ಸಂಬಳಕ್ಕೆ ದಿನವೆಲ್ಲ ನಿಂತಿರುವವನೇ. ಒಳಗೆ ಹೋಗುವ ನೂರು ಜನರಲ್ಲಿ ತೊಂಬತ್ತೊಂಬತ್ತು ಜನರು ಅವನ ಮುಖವನ್ನು ನೋಡದೆಯೇ ಹೋಗುತ್ತಾರೆ. ತಾತ್ಸಾರವು ನೀರಿನಂತೆ, ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಯಾವ ಬಟ್ಟೆಯವರು ಒಳಗೆ ಬಂದರೆ ತಮಗೆ ಮುಜುಗರವೆಂದು ಒಳಗಿರುವ ಗೃಹಸ್ಥರು ಎಣಿಸುತ್ತಾರೋ ಅಂಥವರನ್ನೇ ಬಾಗಿಲಿನವನು ತಡೆಯುತ್ತಾನೆ. ಅವನು ತಡೆಯುವ ಕೈಯನ್ನು ಎತ್ತಿದಾಗ ಆ ಕೈಯ ಹಿಂದೆ ಅನೇಕರ ಕಣ್ಣುಗಳಿರುತ್ತವೆ.

ಗಣಾಚಾರದ ಸಂಶಯ

ಇಲ್ಲಿ ಕೆಲವರು ಒಂದು ಪ್ರಶ್ನೆಯನ್ನೆತ್ತಬಹುದು. “ಶರಣರೂ ಕಟುವಾಗಿ ನುಡಿದಿದ್ದಾರಲ್ಲವೇ? ಅಂಬಿಗರ ಚೌಡಯ್ಯನವರ ಮಾತು ಚಾಟಿಯಂತಿದೆ. ಗಣಾಚಾರವೆಂದರೆ ಶಿವನಿಂದೆಯನ್ನು ಸಹಿಸದಿರುವುದಲ್ಲವೇ? ಹೀಗಿರಲು ಕೆಟ್ಟವರನ್ನು ತಿರಸ್ಕರಿಸುವುದು ತಪ್ಪು ಹೇಗಾದೀತು?”

ಸಮಾಧಾನವೇನೆಂದರೆ, ಶರಣರು ಜರೆದುದು ನಡತೆಯನ್ನು, ವೇಷವನ್ನು, ಹುಸಿಭಕ್ತಿಯನ್ನು. ತಿದ್ದಿಕೊಂಡು ಬಂದವನಿಗೆ ಬಾಗಿಲನ್ನು ಮುಚ್ಚಲಿಲ್ಲ. ತಪ್ಪನ್ನು ತೋರಿಸುವವನು ತಪ್ಪಿತಸ್ಥನನ್ನು ನೇರವಾಗಿ ನೋಡುತ್ತಾನೆ. ತಿರಸ್ಕರಿಸುವವನು ಅವನಿಂದ ಕಣ್ಣನ್ನೇ ತೆಗೆಯುತ್ತಾನೆ. ಖಂಡನೆಯಲ್ಲಿ ಎದುರಿನವನು ಸರಿಯಾಗಲಿ ಎಂಬ ಆಸೆಯಿದೆ. ತಿರಸ್ಕಾರದಲ್ಲಿ ಅವನಿಂದ ಏನೂ ಆಗದೆಂಬ ತೀರ್ಮಾನವಿದೆ. ಲೋಕದ ಡೊಂಕನ್ನು ತಿದ್ದಲು ಹೊರಟವರಿಗೆ ಮೊದಲು ತಮ್ಮ ತನುಮನಗಳನ್ನು ಸಂತೈಸಿಕೊಳ್ಳಿರೆಂದು ಬಸವಣ್ಣನವರು ಬುದ್ಧಿ ಹೇಳಿದರು. ತನಗಿಂತ ಕಿರಿಯರಿಲ್ಲವೆಂದು ತಮ್ಮನ್ನೇ ಎಲ್ಲರಿಗಿಂತ ಕೆಳಗಿಟ್ಟುಕೊಂಡರು. ಇದು ಭೃತ್ಯಾಚಾರ. ಪಂಚಾಚಾರಗಳಲ್ಲಿ ಭೃತ್ಯಾಚಾರವನ್ನು ಬಿಟ್ಟು ಗಣಾಚಾರವನ್ನು ಮಾತ್ರ ಹಿಡಿದವನು ಕತ್ತಿಯನ್ನು ಹಿಡಿದು ಹಿಡಿಯನ್ನು ಬಿಟ್ಟವನಂತೆ. ಮೊದಲು ಗಾಯವಾಗುವುದು ಅವನ ಕೈಗೇ.

ಇನ್ನೂ ಒಂದು ಸೂಕ್ಷ್ಮವಿದೆ. ಶೈವಾಗಮಗಳು ಶಿವನಿಗೆ ಸೃಷ್ಟಿ, ಸ್ಥಿತಿ, ಸಂಹಾರ, ತಿರೋಧಾನ, ಅನುಗ್ರಹ ಎಂಬ ಐದು ಕೃತ್ಯಗಳನ್ನು ಹೇಳುತ್ತವೆ. ತಿರೋಧಾನದಲ್ಲಿರುವುದೂ ತಿರಸ್ಕಾರದಲ್ಲಿರುವುದೂ ಒಂದೇ ಅವ್ಯಯ. ಶಿವನೂ ಮರೆಮಾಡುತ್ತಾನೆ, ಆದರೆ ಜೀವನು ಪಕ್ವವಾದ ಮೇಲೆ ಅನುಗ್ರಹದಿಂದ ಆ ಮರೆಯನ್ನು ತಾನೇ ತೆಗೆಯುತ್ತಾನೆ. ಮನುಷ್ಯನು ಮರೆಮಾಡುವುದನ್ನು ಮಾತ್ರ ಕಲಿತು ಅನುಗ್ರಹವನ್ನು ಕಲಿಯಲಿಲ್ಲ.

ಹಾಗಾದರೆ ಗಣಾಚಾರಕ್ಕೆ ಈ ವಿಷಯದಲ್ಲಿ ಸ್ಥಾನವಿಲ್ಲವೆ? ಅವಶ್ಯವಾಗಿ ಇದೆ. ಎಲ್ಲ ದೇಹಗಳಲ್ಲಿಯೂ ಶಿವಚೈತನ್ಯವಿದೆಯೆಂದು ನಂಬಿದವನಿಗೆ ಮತ್ತೊಬ್ಬನ ತಿರಸ್ಕಾರವು ಶಿವನಿಂದೆಯೇ. ಅದನ್ನು ಕಂಡು ಸುಮ್ಮನಿರಬಾರದು. ತನಗೆ ಸ್ತುತಿನಿಂದೆಗಳು ಬಂದಾಗ ಕೋಪಿಸದೆ ಸಮಾಧಾನಿಯಾಗಿರಬೇಕೆಂದು ಅಕ್ಕಮಹಾದೇವಿಯವರು ಬೋಧಿಸಿದರು. ಅದು ತನಗೆ ಬಂದುದನ್ನು ಕುರಿತ ಮಾತು. ಅನ್ಯರಿಗೆ ಬಂದುದನ್ನು ನೋಡಿ ಸಮಾಧಾನದಿಂದಿರುವುದು ಶಾಂತಿಯಲ್ಲ. ಅದೂ ಒಂದು 'ಉದಾಸೀನ', ದೂರ ಕುಳಿತುಕೊಳ್ಳುವಿಕೆ. ಮೆಟ್ರೊ ನಿಲ್ದಾಣದಲ್ಲಿ ಮುಂದೆ ಬಂದು ಪ್ರಶ್ನಿಸಿದ ಪ್ರಯಾಣಿಕರು ತಿಳಿದೋ ತಿಳಿಯದೆಯೋ ಮಾಡಿದುದು ಗಣಾಚಾರ. ಬಂದವನನ್ನು ಯಾರವನೆಂದು ಕೇಳದೆ ನಮ್ಮವನೆಂದು ಎಣಿಸುವ ಬುದ್ಧಿಯನ್ನು ಬಸವಣ್ಣನವರು ದೇವರಲ್ಲಿ ಬೇಡಿದ್ದರು. ಆ ದಿನ ಆ ಬುದ್ಧಿಯು ಅಪರಿಚಿತರ ಬಾಯಿಂದ ಹೊರಬಿತ್ತು.

ಗೃಹಸ್ಥರ ಆಚರಣೆಗೆ

ಶಿವಪೂಜೆಯ ಕಾಲದಲ್ಲಿ ಭಕ್ತನು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿಯನ್ನು ಅದರಲ್ಲಿ ನಿಲ್ಲಿಸುತ್ತಾನೆ. ಇದು ನೇರವಾಗಿ ನೋಡುವ ಅಭ್ಯಾಸ. ಓರೆನೋಟದಿಂದ ಲಿಂಗವನ್ನು ಪೂಜಿಸುವವರಿಲ್ಲ. ಪೂಜೆಯಲ್ಲಿ ಕಲಿತ ಆ ನೋಟವನ್ನು ಪೂಜೆಯಿಂದ ಎದ್ದ ಮೇಲೆ ಬಾಗಿಲಿಗೆ ಬಂದವರ ಮೇಲೆಯೂ ಇಡುವುದೇ ತಾತ್ಸಾರಕ್ಕೆ ಮದ್ದು. ಇದಕ್ಕೆ ಸದ್ಗೃಹಸ್ಥರು ಮೂರು ಸಣ್ಣ ನೇಮಗಳನ್ನು ಇಟ್ಟುಕೊಳ್ಳಬಹುದು.

ಮೊದಲನೆಯದು ಕಣ್ಣಿನ ನೇಮ. ಹಾಲು, ಪತ್ರಿಕೆ, ಸಾಮಾನುಗಳನ್ನು ತರುವವರು, ಕಸವನ್ನು ಒಯ್ಯುವವರು, ಬಾಗಿಲುಕಾಯುವವರು, ಇವರೊಡನೆ ವ್ಯವಹರಿಸುವಾಗ ಮೊಬೈಲಿನಿಂದ ಕಣ್ಣೆತ್ತಿ ಅವರ ಮುಖವನ್ನು ನೋಡುವುದು. ನಿತ್ಯ ಬರುವವರ ಹೆಸರನ್ನು ತಿಳಿದಿರುವುದು. ಎರಡನೆಯದು ನಾಲಗೆಯ ನೇಮ. ವಯಸ್ಸಿನಲ್ಲಿ ಹಿರಿಯರಾದವರು ಯಾವ ಕಾಯಕದವರಾಗಲಿ ಅವರನ್ನು ಬಹುವಚನದಿಂದ ಕರೆಯುವುದು. ಅವರಿಲ್ಲದಾಗಲೂ ‘ಅವರು’ ಎಂದೇ ಹೇಳುವುದು. ಮಕ್ಕಳು ಕಲಿಯುವುದು ಎದುರಿಗೆ ಆಡಿದ ಮಾತಿನಿಂದಲ್ಲ, ಬೆನ್ನ ಹಿಂದೆ ಆಡಿದ ಮಾತಿನಿಂದ. ಮೂರನೆಯದು ಕೈಯ ನೇಮ. ಸಲ್ಲಬೇಕಾದ ಸಂಬಳವನ್ನು ಸಲ್ಲುವ ದಿನವೇ ಕೊಡುವುದು. ಮನೆಯವರು ಕುಡಿಯುವ ಲೋಟದಲ್ಲಿಯೇ ಕೆಲಸದವರಿಗೂ ಕೊಡುವುದು. ವೃದ್ಧರು ಕೇಳಿದುದನ್ನು ಕೇಳಿದ ದಿನವೇ ಮಾಡುವುದು, ಆಗದಿದ್ದರೆ ಯಾವ ದಿನವೆಂದು ತಿಳಿಸುವುದು.

ಈ ಮೂರರಲ್ಲಿ ಹಣ ಬೇಡುವುದು ಒಂದೂ ಇಲ್ಲ. ಆದರೂ ಇವು ಸುಲಭವಲ್ಲವೆಂಬುದು ಒಂದು ವಾರ ಪ್ರಯತ್ನಿಸಿದವರಿಗೆ ತಿಳಿಯುತ್ತದೆ. ಮೊದಲ ದಿನವೇ ಎಷ್ಟು ಜನರ ಹೆಸರು ತನಗೆ ಗೊತ್ತಿಲ್ಲವೆಂಬುದು ಗೊತ್ತಾಗುತ್ತದೆ. ಆ ನಾಚಿಕೆಯಿಂದಲೇ ತೆರೆಯು ಸರಿಯಲು ಆರಂಭವಾಗುತ್ತದೆ.

ಮನನಕ್ಕೆ ಪ್ರಶ್ನೆಗಳು

೧. ನಿರಾಕರಣೆಗೂ ತಿರಸ್ಕಾರಕ್ಕೂ ಇರುವ ಭೇದವೇನು? ಸ್ವಂತ ಮನೆಯಿಂದ ಒಂದೊಂದು ಉದಾಹರಣೆಯನ್ನು ಹೇಳಿರಿ.

೨. ತಾತ್ಸಾರವು ಕಣ್ಣು, ನಾಲಗೆ, ಕೈಗಳಲ್ಲಿ ಯಾವ ಯಾವ ರೂಪದಿಂದ ಕಾಣಿಸಿಕೊಳ್ಳುತ್ತದೆ?

೩. ಶರಣರ ಹೆಸರುಗಳ ಮೊದಲಲ್ಲಿ ಕಾಯಕದ ಹೆಸರು ನಿಂತಿರುವುದರ ಅಭಿಪ್ರಾಯವೇನು?

೪. ಭೃತ್ಯಾಚಾರವಿಲ್ಲದ ಗಣಾಚಾರದಿಂದ ಆಗುವ ಕೇಡೇನು?

೫. ಮನೆಯ ಯಾವ ಕೆಲಸವು ಬಹುದಿನಗಳಿಂದ ನಾಳೆಗೆ ಬೀಳುತ್ತಿದೆ? ಅದು ಯಾರು ಕೇಳಿದ ಕೆಲಸ?